ಉಸಿರಿಗೆ ಎಕೋ

ಓಂಕಾರ್ ಗ್ರಂಥಾಲಯದ ಕೆಲಸಕ್ಕೆ ಸೇರಿದ್ದು ಪುಸ್ತಕದ ಹುಚ್ಚಿನಿಂದ ಎಂದು ಚನ್ನಗಿರಿಯ ಜನ ನಂಬಿದ್ದರು. ಅವನೂ ಅದನ್ನು ತಿದ್ದಲು ಹೋಗಿರಲಿಲ್ಲ. ಎಂ.ಎ. ಮುಗಿಸಿ ಬಂದಾಗ, ಬಾಯಿ ಮುಚ್ಚಿಕೊಂಡು ಕೂತವನಿಗೂ ಸಂಬಳ ಕೊಡುವ ಕೆಲಸ ಅವನಿಗೆ ಕಂಡದ್ದು ಅದೊಂದೇ. ಖಾಸಗಿ ಕಾಲೇಜಿನ ಹಿಂಬದಿಯ ಆ ಕೋಣೆಯಲ್ಲಿ ‘ಮೌನವಾಗಿರಿ’ ಎಂಬ ಬೋರ್ಡಿನ ಕೆಳಗೇ ಅವನ ಕುರ್ಚಿ. ಬೋರ್ಡು ಹುಡುಗರಿಗೆಂದು ಹಾಕಿದ್ದು. ಪಾಲಿಸುತ್ತಿದ್ದವನು ಅವನೊಬ್ಬನೇ.

ನಾಲ್ಕು ಜನರ ಮುಂದೆ ಎದ್ದು ನಿಲ್ಲಬೇಕು ಎಂದರೆ ಸಾಕು, ಹಿಂದಿನ ದಿನದಿಂದಲೇ ಅವನ ಮೈ ತನ್ನ ಕೆಲಸ ಶುರು ಮಾಡುತ್ತಿತ್ತು. ಮೊದಲು ಹೊಟ್ಟೆ ತೊಳಸುವುದು. ಆಮೇಲೆ ಅಂಗೈ ಬೆವರು, ಒಣಗುವ ನಾಲಿಗೆ, ಜೋಮು ಹಿಡಿಯುವ ಬೆರಳು. ಕೊನೆಗೆ ಎದೆ, ಯಾರೋ ಒಳಗಿನಿಂದ ಕದ ಬಡಿದ ಹಾಗೆ. ಇದು ಹೃದಯದ ಕಾಯಿಲೆಯೇ ಇರಬೇಕು ಎಂದು ದಾವಣಗೆರೆಗೆ ಹೋಗಿ ಇಸಿಜಿ ಮಾಡಿಸಿದ. "ಹೃದಯ ಭೇಷಾಗೈತೆ, ಆರಾಮಾಗಿ ಹೋಗ್ರಿ" ಎಂದರು ಡಾಕ್ಟರು. ಓಂಕಾರ್ ಸಪ್ಪೆ ಮುಖ ಹಾಕಿಕೊಂಡು ಬಸ್ಸು ಹತ್ತಿದ. ಸಣ್ಣದೊಂದು ರೋಗ ಸಿಕ್ಕಿದ್ದರೂ ಜನರಿಗೆ ಹೇಳಲು ಒಂದು ಹೆಸರಿರುತ್ತಿತ್ತು.

ಸಂತೇಬೆನ್ನೂರಿನಲ್ಲಿದ್ದ ಸೋದರತ್ತೆ ಕಸ್ತೂರಮ್ಮನ ಬಳಿ ಹೆಸರು ಸಿದ್ಧವಿತ್ತು. "ಬಟ್ಟಿ ಬಿದ್ದೈತೆ." ಹೊಕ್ಕುಳ ಹತ್ತಿರ ಮಿಡಿಯುವ ನಾಡಿ ಜಾಗ ಬಿಟ್ಟು ಸರಿದಿದೆ ಎಂದರ್ಥ. ತಾಯಿ ತೀರಿಕೊಂಡ ಮೇಲೆ ಓಂಕಾರನನ್ನು ಸಾಕಿದವಳು ಈ ಅತ್ತೆಯೇ. ಅಂಗನವಾಡಿ ಟೀಚರು, ಅರ್ಧ ಊರು ಅವಳ ಕೈಲಿ ಉಪ್ಪಿಟ್ಟು ತಿಂದು ಬೆಳೆದದ್ದು. ಅವಳು ಪಕ್ಕದ ಮನೆಯ ಬೊಮ್ಮಕ್ಕನನ್ನು ಕರೆಸಿದಳು. ಬೊಮ್ಮಕ್ಕ ಹರಳೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಅವನ ಹೊಟ್ಟೆ ಒತ್ತಿದಳು.

"ಸಿಕ್ತು ನೋಡು, ಇಲ್ಲಿ ಡಬಡಬ ಅಂತೈತೆ."

"ಅಲ್ಲಿ ಎಲ್ರಿಗೂ ಡಬಡಬ ಅಂತೈತೆ, ಬೊಮ್ಮಕ್ಕ."

"ಎಲ್ರಿಗೂ ಅಂದ್ರೆ? ನಾನೇನು ಊರೋರ ಹೊಟ್ಟೆಯೆಲ್ಲ ಮುಟ್ಟಾಕೆ ಹೋಗೀನೇನು? ಸುಮ್ಕೆ ಮಲಕ್ಕೋ."

ಬಟ್ಟಿ ಜಾಗಕ್ಕೆ ಬಂತು. ಭಯ ಮಾತ್ರ ಇದ್ದಲ್ಲೇ ಇತ್ತು.

ಹೀಗಿರುವಾಗ ಕಾಲೇಜಿನ ಅಧ್ಯಕ್ಷರೂ ಅಡಿಕೆ ವ್ಯಾಪಾರಿಗಳೂ ಆದ ಮಲ್ಲಿಕಾರ್ಜುನಪ್ಪನವರ ತಾಯಿ ತೀರಿಕೊಂಡರು. ತೀರಿಕೊಂಡವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆ ಎಂದರೆ ನಮ್ಮ ಕಡೆ ಸಣ್ಣ ವಿಷಯವಲ್ಲ. ಶಾಮಿಯಾನ, ವೇದಿಕೆ, ಸತ್ತವರು ನಗುತ್ತಿರುವ ದೊಡ್ಡ ಫ್ಲೆಕ್ಸು, ಸ್ವಾಮಿಗಳು, ಒಬ್ಬರಾದ ಮೇಲೆ ಒಬ್ಬರ ನುಡಿನಮನ. ನುಡಿನಮನ ಮುಗಿಯುವ ತನಕ ಪಂಕ್ತಿಗೆ ಎಲೆ ಹಾಕುವ ಹಾಗಿಲ್ಲ. ಕಾಲೇಜಿನ ಪರವಾಗಿ ಮಾತಾಡಬೇಕಿದ್ದ ಪ್ರಿನ್ಸಿಪಾಲರಿಗೆ ಹಿಂದಿನ ದಿನ ಜ್ವರ. "ನೀವು ಎಂ.ಎ. ಮಾಡೀರಿ, ಎರಡು ಮಾತು ಹೇಳಿಬಿಡ್ರಿ" ಎಂದು ಓಂಕಾರನ ಹೆಸರು ಕೊಟ್ಟರು. ಅವನು ಆಗುವುದಿಲ್ಲ ಎನ್ನಬೇಕಿತ್ತು. ಆಗುವುದಿಲ್ಲ ಎನ್ನುವುದೂ ಒಂದು ಮಾತೇ ಆದ್ದರಿಂದ ಹೇಳಲಾಗಲಿಲ್ಲ.

ಮೈಕಿನ ಮುಂದೆ ನಿಂತಾಗ ಅವನಿಗೆ ಶಾಮಿಯಾನ ಮಂಜಾಗಿ ಕಂಡಿತು. ಕೈ ನಡುಗಿತು. ಮೈಕಿನ ಕಂಬ ಹಿಡಿದ, ಅದೂ ನಡುಗಿತು. "ಅಮ್ಮನವರು" ಎಂದು ಶುರು ಮಾಡಬೇಕೆಂದು ರಾತ್ರಿಯೆಲ್ಲ ಉರು ಹೊಡೆದಿದ್ದ. "ಅಮ್ಮ..." ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಉಸಿರು ಸಾಲದೆ ತೆರೆದ ಬಾಯಲ್ಲಿ ಏದುಸಿರು ಬಿಡತೊಡಗಿದ. ಹುಬ್ಬಿನಿಂದ ಇಳಿದ ಬೆವರು ಕಣ್ಣಿಗೆ ಹೋಗಿ ಉರಿಯಿತು. ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ. ಇನ್ನು ನಿಂತರೆ ಬಿದ್ದುಬಿಡುತ್ತೇನೆ ಎನಿಸಿ, ಸುಮ್ಮನೆ ಕೈ ಮುಗಿದು ಇಳಿದ.

ಹೆಂಗಸರ ಕಡೆಯಿಂದ ಮೊದಲು ಒಂದು ಬಿಕ್ಕು ಕೇಳಿಸಿತು. ಆಮೇಲೆ ಇಡೀ ಶಾಮಿಯಾನವೇ ಅತ್ತಿತು. ಅಲ್ಲಿಯವರೆಗೆ ಅಳದೆ ಅಡುಗೆಯವರಿಗೆ ಸೂಚನೆ ಕೊಡುತ್ತಿದ್ದ ಮಲ್ಲಿಕಾರ್ಜುನಪ್ಪನವರು ಓಡಿ ಬಂದು ಅವನನ್ನು ತಬ್ಬಿಕೊಂಡರು. "ನಮ್ಮವ್ವನ್ನ ನೀವು ನೋಡಿದ್ದೇ ಇಲ್ಲ ಅನ್ಕಂಡಿದ್ದೆನಲ್ರೀ!"

ನೋಡಿದ್ದೇ ಇರಲಿಲ್ಲ. ಆದರೆ ಅದನ್ನು ಹೇಳಲು ಉಸಿರೆಲ್ಲಿತ್ತು?

ಹಿಂದೆ ಕೂತಿದ್ದ ಹಿರಿಯರು ಬೇರೆ ಕಾರಣಕ್ಕೆ ಮೆಚ್ಚಿದ್ದರು. "ನುಡಿನಮನ ಅಂದ್ರೆ ಇದು. ಮನಸ್ಸಿಗೂ ತಟ್ಟಬೇಕು, ಊಟಕ್ಕೂ ತಡ ಆಗಬಾರದು."

ಆ ದಿನ ಮೈಕಿನವನು ಗುರುಬಸವರಾಜ್. ಶಾಮಿಯಾನ, ಸೌಂಡು, ಫ್ಲೆಕ್ಸು ಮೂರೂ ಅವನದೇ. ಒಂದು ಸಾವಿಗೆ ಏನೇನು ಬೇಕೋ ಎಲ್ಲ ಒಂದೇ ಅಂಗಡಿಯಲ್ಲಿ ಸಿಗುವಂತೆ ಮಾಡಿದವನು. ಎರಡೇ ದಿನಕ್ಕೆ ಅವನು ಗ್ರಂಥಾಲಯಕ್ಕೆ ಬಂದ.

"ಸಾರ್, ಹೊನ್ನಾಳಿಯಲ್ಲಿ ಒಂದು ಐತೆ. ದೊಡ್ಡ ಮನೆತನ. ನಿಮ್ಮ ಹೆಸರು ನಾನೇ ಹೇಳೀನಿ."

"ನನಗೆ ಮಾತಾಡಾಕೆ ಬರಲ್ಲ, ಗುರುಬಸವರಾಜ್."

"ಮಾತಾಡೋರು ಬೇಕಾದಷ್ಟು ಅದಾರೆ ಸಾರ್. ನಿಮ್ಮಂಗೆ ನಿಲ್ಲೋರು ಯಾರದಾರೆ?" ಅವನು ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. "ಇನ್ನೊಂದು ವಿಷ್ಯ. ಮೊನ್ನೆ ನಿಮ್ಮ ಉಸಿರು ಮೈಕಿನಾಗೆ ಎಷ್ಟು ಚೆನ್ನಾಗಿ ಬಂತು ಗೊತ್ತಾ? ಈ ಸಲ ಅದಕ್ಕೆ ಸ್ವಲ್ಪ ಎಕೋ ಹಾಕ್ತೀನಿ. ನಿಮ್ಗೆ ಗೊತ್ತೂ ಆಗಲ್ಲ."

ಮೊನ್ನೆಯಂಥ ಅವಮಾನ ಇನ್ನೊಮ್ಮೆ ಆದರೆ ಜನಕ್ಕೆ ನಿಜ ತಿಳಿಯುತ್ತದೆ, ಆಮೇಲೆ ಯಾರೂ ಕರೆಯುವುದಿಲ್ಲ ಎಂಬ ಆಸೆಯಿಂದ ಓಂಕಾರ್ ಹೊನ್ನಾಳಿಗೆ ಹೋದ. ಅವಮಾನ ಮೊದಲಿಗಿಂತ ಜೋರಾಗಿಯೇ ಆಯಿತು. ಜನ ಮೊದಲಿಗಿಂತ ಜೋರಾಗಿ ಅತ್ತರು. ನ್ಯಾಮತಿಯಿಂದ ಕರೆ ಬಂತು. ಅಲ್ಲಿ ಅವನು ಬಾಯಿಯನ್ನೇ ತೆರೆಯಲಿಲ್ಲ. ಎಕೋ ಹಾಕಿದ ಉಸಿರು ಮಾತ್ರ ಬಯಲ ತುಂಬ ಸುತ್ತಿತು. ತೀರಿಕೊಂಡವರ ಮಗಳು ಅವನ ಕಾಲಿಗೆ ಬೀಳಲು ಬಂದಳು. ಅವನು ಹಿಂದೆ ಸರಿದು ಸ್ಟೀಲಿನ ಡ್ರಮ್ಮಿಗೆ ಎಡವಿದ. ದುಃಖದಲ್ಲಿ ಕಾಲು ನಿಲ್ಲುತ್ತಿಲ್ಲ ಎಂದು ಇಬ್ಬರು ಹಿಡಿದುಕೊಂಡರು.

ಆಹ್ವಾನದ ಫ್ಲೆಕ್ಸುಗಳಲ್ಲಿ ಅವನ ಹೆಸರಿನ ಹಿಂದೆ ‘ಭಾವಜೀವಿ’ ಎಂಬ ಬಿರುದು ಸೇರಿತು. ಗುರುಬಸವರಾಜನ ಕೊಡುಗೆ.

ಈ ಕೀರ್ತಿ ಸಂತೇಬೆನ್ನೂರಿಗೂ ಮುಟ್ಟಿತು. ವಾರದ ಸಂತೆಯ ದಿನ ಓಂಕಾರ್ ಹೋದಾಗ ಕಸ್ತೂರಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಬರ್ರಪ್ಪ, ಭಾವಜೀವಿಗಳು."

"ಅತ್ತೆ..."

"ನಿಮ್ಮವ್ವ ಸತ್ತಾಗ ನೀನು ಅಳ್ಲಿಲ್ಲ, ಸಣ್ಣವನಿದ್ದೆ ಬಿಡು. ನಿಮ್ಮಾವ ಸತ್ತಾಗ್ಲೂ ಅಳ್ಲಿಲ್ಲ. ನಾನು ಆಪರೇಷನ್ ಮಾಡಿಸ್ಕಂಡು ಮಲಗಿದ್ರೆ ಬಂದು ಗೋಡೆ ನೋಡ್ಕೊಂತ ಕೂತಿದ್ದೆ. ಈಗ ಯಾರದೋ ಅವ್ವಗೆ, ಯಾರದೋ ಅಜ್ಜಗೆ ಊರೂರು ಅಳ್ಕೊಂತ ತಿರುಗ್ತೀಯಂತೆ."

"ಅದು ಅಳು ಅಲ್ಲ ಅತ್ತೆ. ಭಯ. ನಿಂತ ಕೂಡ್ಲೇ ಉಸಿರು ಕಟ್ತೈತೆ, ಬೆವರು ಬರ್ತೈತೆ."

ಅವಳು ಸೊಪ್ಪಿನ ಕಡ್ಡಿ ಎಸೆದು ನಕ್ಕಳು. "ಭಯ ಬಿದ್ದೋನಿಗೆ ಯಾರಾದ್ರೂ ಫ್ಲೆಕ್ಸ್ ಹಾಕಿಸ್ತಾರೇನೋ?"

ಓಂಕಾರ್ ಪಕ್ಕದಲ್ಲಿ ಕೂತು ತಾನೂ ಸೊಪ್ಪು ಬಿಡಿಸತೊಡಗಿದ. ಆ ಮನೆಯಲ್ಲಿ ಪ್ರೀತಿಯೂ ಕೋಪವೂ ಒಂದೇ ಮೌನವನ್ನು ಹಂಚಿಕೊಂಡು ಬದುಕಿದ್ದವು. ಆಮೇಲೆ ಅವಳೇ ಹೇಳಿದಳು. ಮೂರು ತಿಂಗಳು ಕಳೆದರೆ ಅವಳಿಗೆ ನಿವೃತ್ತಿ. ಊರವರು ಬೀಳ್ಕೊಡುಗೆ ಇಟ್ಟುಕೊಂಡಿದ್ದಾರೆ. ಯಾರು ಮಾತಾಡಬೇಕು ಎಂದು ಕೇಳಿದ್ದಕ್ಕೆ ಅವಳು ಒಂದೇ ಹೆಸರು ಕೊಟ್ಟಿದ್ದಾಳೆ.

"ನಾನು ಸತ್ತ ಮೇಲೆ ನೀನು ಮೈಕ್ ಹಿಡ್ಕಂಡು ಏನು ಮಾಡಿದ್ರೂ ನಾನು ಕೇಳಾಕೆ ಬರ್ತೀನಾ? ಈಗ ಹೇಳು. ಅಳಬ್ಯಾಡ. ಹೇಳು. ನಾನು ನಿಂಗೆ ಏನಾಗಿದ್ದೆ ಅಂತ ಒಂದ್ಸಲ ನನ್ನ ಕಿವೀಲೆ ಕೇಳ್ಬೇಕು."

ವಾಪಸು ಬರುವ ಬಸ್ಸಿನಲ್ಲಿ ಓಂಕಾರ್ ಈ ಸಲ ತಪ್ಪಿಸಿಕೊಳ್ಳುವ ದಾರಿ ಹುಡುಕಲಿಲ್ಲ. ಹೇಳಬೇಕಾದ ಮಾತು ಅವನಲ್ಲಿ ಮೊದಲಿನಿಂದ ಇತ್ತು. ಇಲ್ಲದಿದ್ದದ್ದು ಅದು ಹೊರಗೆ ಬರುವ ದಾರಿ.

ಅವನು ಶಿವಮೊಗ್ಗದಲ್ಲಿ ರುದ್ರಾಣಿ ಎಂಬ ಮನೋವೈದ್ಯರನ್ನು ಕಂಡ. ನುಡಿನಮನದ ಕಥೆ ಕೇಳಿ ಆಕೆ ಪೆನ್ನು ಕೆಳಗಿಟ್ಟರು.

"ಈ ಕಾಯಿಲೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ನಾನು ನೋಡಿಲ್ಲ. ವಾಸಿ ಆಗಲೇಬೇಕಾ?"

"ಆಗಬೇಕು ಮೇಡಂ."

"ಎದೆ ಹೊಡೆದುಕೊಳ್ಳಾಕೆ ಶುರುವಾದ್ರೆ ಏನು ಮಾಡ್ತೀರಿ?"

"ನಿಲ್ಸಾಕೆ ನೋಡ್ತೀನಿ."

"ನಿಲ್ಲುತ್ತಾ?"

"ಇಲ್ಲ. ಜಾಸ್ತಿ ಆಗ್ತೈತೆ."

"ಮತ್ತೆ ಯಾಕೆ ಜಗಳಕ್ಕೆ ಹೋಗ್ತೀರಿ? ಬಂದ್ಯಾ, ಕೂತ್ಕೋ ಅಂತ ಒಂದು ಕುರ್ಚಿ ಕೊಡಿ. ಅದು ಕೂತಿರಲಿ, ನೀವು ಮಾತಾಡಿ. ಅದರಿಂದ ನಿಮ್ಮ ಜೀವಕ್ಕೆ ಏನೂ ಆಗಲ್ಲ. ಸ್ವಲ್ಪ ಹೊತ್ತು ಇದ್ದು ತಾನೇ ಎದ್ದು ಹೋಗುತ್ತೆ."

ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು, ಬಿಸಿ ಚಹಾ ಆರಿಸುವವರ ಹಾಗೆ. ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯ, ಮೈಕನ್ನು ಕಂಡರೆ ಓಡಬಾರದು. ಮತ್ತೆ ಮತ್ತೆ ಹೋಗಿ ನಿಲ್ಲಬೇಕು. ಒಂದು ಮಾತ್ರೆಯನ್ನೂ ಬರೆದುಕೊಟ್ಟರು. "ಮಾತ್ರೆ ಊರುಗೋಲು. ನಡೆಯೋರು ನೀವು."

ಕಾಲೇಜು ಬಿಟ್ಟ ಮೇಲೆ ಓಂಕಾರ್ ಗ್ರಂಥಾಲಯದ ಬಾಗಿಲು ಹಾಕಿಕೊಂಡು ಕಪಾಟುಗಳಿಗೆ ಭಾಷಣ ಮಾಡಿದ. ಮೊದಮೊದಲು ಕಪಾಟಿನ ಮುಂದೆಯೂ ನಾಲಿಗೆ ಒಣಗಿತು. ಕರೆದ ಕಡೆಗೆಲ್ಲ ನುಡಿನಮನಕ್ಕೂ ಹೋದ. ಎದೆ ಬಡಿಯುತ್ತಿತ್ತು, ಬಂದ್ಯಾ, ಕೂತ್ಕೋ ಎನ್ನುತ್ತಿದ್ದ. ಅದು ಕೂರುತ್ತಿತ್ತು, ಕಾಲು ಕುಣಿಸುತ್ತ, ಎದ್ದೇನು ಎಂದು ಹೆದರಿಸುತ್ತ. ಒಂದೆರಡು ವಾಕ್ಯ ಹೊರಬಂದವು. ಮುಂದಿನ ಸಲ ಇನ್ನೆರಡು.

ಜಗಳೂರಿನಲ್ಲಿ ಬೈಲಪ್ಪ ಎಂಬ ನಿವೃತ್ತ ಕಂಡಕ್ಟರಿಗೆ ಅವನು ಮೊದಲ ಬಾರಿ ಪೂರ್ತಿ ಮಾತಾಡಿದ. ಮನೆಯವರನ್ನು ಮೊದಲೇ ವಿಚಾರಿಸಿಕೊಂಡಿದ್ದ. ಓಡಿ ಬರುವ ಮುದುಕಿಯರಿಗೆ ಬೈಲಪ್ಪನವರು ಬೈಯುತ್ತಲೇ ಬಸ್ಸು ನಿಲ್ಲಿಸುತ್ತಿದ್ದದ್ದು, ಬೈಗುಳ ಮುಗಿಯುವುದರೊಳಗೆ ಸೀಟೂ ಕೊಡಿಸಿರುತ್ತಿದ್ದದ್ದು, ಎಲ್ಲ ಹೇಳಿದ. ದನಿ ನಡುಗಲಿಲ್ಲ. ಇಳಿದು ಬರುವಾಗ ಅವನಿಗೆ ಓಡಿ ಹೋಗಿ ಯಾರಿಗಾದರೂ ಹೇಳಬೇಕು ಎನಿಸಿತು.

ಬೈಲಪ್ಪನವರ ಮಗ ಅವನನ್ನು ಪಕ್ಕಕ್ಕೆ ಕರೆದ. "ಸಾರ್, ತಪ್ಪು ತಿಳಿಬ್ಯಾಡ್ರಿ. ನಮ್ಮಪ್ಪ ನಿಮ್ಗೇನಾದ್ರೂ ಅಂದಿದ್ರಾ?"

"ಇಲ್ಲ. ಯಾಕೆ?"

"ಹೊನ್ನಾಳಿಯಾಗೆ ಹಂಗೆ ಅತ್ರಂತೆ. ನಮಗೆ ಬರೀ ಮಾತು ಹೇಳಿ ಇಳಿದುಬಿಟ್ರಿ." ಅವನು ಪಂಕ್ತಿಯ ಕಡೆ ನೋಡಿದ. "ಅನ್ನ ಬ್ಯಾರೆ ಆರಿ ಹೋತು."

ವಾಪಸು ಬರುವಾಗ ಜಗಳೂರು ದಾಟಿದ ಮೇಲೆ ಗುರುಬಸವರಾಜ್ ಗಾಡಿ ನಿಧಾನ ಮಾಡಿದ. "ಆರೋಗ್ಯ ಸರಿ ಐತಾ ಸಾರ್?" ಎಂದಷ್ಟೇ ಕೇಳಿದ.

"ಈಗ ಸರಿ ಹೋಗ್ತಾ ಐತೆ."

"ಅದೇ," ಎಂದು ಅವನು ನಿಟ್ಟುಸಿರು ಬಿಟ್ಟ.

ಕರೆಗಳು ಕಡಿಮೆಯಾದವು. ಭಾವಜೀವಿ ಬತ್ತಿಹೋದ ಎಂದು ಮಾತು ಹಬ್ಬಿತು. ಅತ್ತ ಸಂತೇಬೆನ್ನೂರಿನ ನೆಂಟರದು ಇನ್ನೊಂದು ತಕರಾರು. ಕಸ್ತೂರಮ್ಮನ ನಾದಿನಿ ಹನುಮಂತಮ್ಮ ಫೋನು ಮಾಡಿಯೇ ಬೈದಳು. "ಸತ್ತೋರಿಗೆ ಮಾತಾಡೋ ಬಾಯೋ ಅದು. ಬದುಕಿರೋಳ ಮುಂದೆ ತೆಗೀತೀಯೇನೋ?" ಕಸ್ತೂರಮ್ಮ ಫೋನು ಕಸಿದುಕೊಂಡದ್ದು ಇವನಿಗೂ ಕೇಳಿಸಿತು. "ನಾನು ಸಾಯ್ಲಿ ಬಿಡೇ, ನಿಂಗೇನು? ಕೇಳಿಸ್ಕಂಡು ಸಾಯ್ತೀನಿ."

ಬೀಳ್ಕೊಡುಗೆಯ ದಿನ ಅಂಗನವಾಡಿಯ ಮುಂದೆ ಶಾಮಿಯಾನ ಹಾಕಿದ್ದರು. ಗುರುಬಸವರಾಜನದೇ. ಅವನು ಹಳೆಯ ಅಭ್ಯಾಸದಿಂದ ಎಕೋ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಅರ್ಧ ಊರು ಸೇರಿತ್ತು. ಕಸ್ತೂರಮ್ಮನಿಗಾಗಿ ಕೆಲವರು, ಓಂಕಾರ್ ಸ್ವಂತ ಅತ್ತೆಗೆ ಹೇಗೆ ಅಳುತ್ತಾನೆ ನೋಡಬೇಕೆಂದು ಕೆಲವರು. ವೇದಿಕೆಯ ನಡುವೆ ಹೊಸ ಇಳಕಲ್ ಸೀರೆಯಲ್ಲಿ ಕಸ್ತೂರಮ್ಮ ನೇರ ಕೂತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಸನ್ಮಾನ ಆದ ಮೇಲೆ ನೀವೂ ಎರಡು ಮಾತಾಡಬೇಕು ಎಂದು ಸಂಘಟಕರು ಹೇಳಿದಾಗಿನಿಂದ.

ಓಂಕಾರ್ ಎದ್ದ. ಹಿಮ್ಮಡಿ ಒತ್ತಿದ, ಉಸಿರು ಊದಿದ.

"ನಾನು ಈ ಅಂಗನವಾಡಿಗೆ ಬಂದ ಮೊದಲ ದಿನ ತುಂಬ ಹೆದರಿದ್ದೆ," ಎಂದು ಶುರು ಮಾಡಿದ. "ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಡಲಿಲ್ಲ. ಅತ್ತೆ ನನ್ನನ್ನು ಎತ್ತಿಕೊಳ್ಳಲಿಲ್ಲ, ಹಾಡು ಹೇಳಲಿಲ್ಲ. ಒಂದು ಮೊರದಲ್ಲಿ ಹೆಸರುಕಾಳು ಹಾಕಿ ನನ್ನ ಮುಂದಿಟ್ಟಳು. ಕಲ್ಲು ಆರಿಸಿಕೊಡು, ಇಲ್ಲಾಂದ್ರೆ ಮಕ್ಕಳ ಹಲ್ಲು ಮುರೀತಾವೆ ಅಂದಳು. ನಾನು ಕಲ್ಲು ಹುಡುಕಿದೆ. ಹುಡುಕುತ್ತ ಹೆದರುವುದು ಮರೆತೆ. ಆಮೇಲೆ ಎಷ್ಟೋ ಮಕ್ಕಳಿಗೆ ಹಾಗೇ ಮಾಡಿದಳು. ದೊಡ್ಡವನಾದ ಮೇಲೆ ಒಂದು ದಿನ ನೋಡಿದೆ. ಕಾಳಿನಲ್ಲಿ ಕಲ್ಲೇ ಇರುತ್ತಿರಲಿಲ್ಲ. ಅವಳೇ ಅಂಗಳದಿಂದ ನಾಲ್ಕು ಕಲ್ಲು ಆರಿಸಿ, ತೊಳೆದು, ಕಾಳಿಗೆ ಬೆರೆಸುತ್ತಿದ್ದಳು. ಮಗುವಿಗೆ ಸಿಗಬೇಕಲ್ಲ ಅಂತ."

ಇನ್ನೂ ಸ್ವಲ್ಪ ಹೇಳಿದ. ಪರೀಕ್ಷೆಯ ಬೆಳಗುಗಳಲ್ಲಿ ಅವನು ವಾಂತಿ ಮಾಡಿಕೊಂಡಾಗ ಯಾಕೆ ಎಂದು ಅವಳು ಕೇಳದಿದ್ದದ್ದು, ಚೀಲದಲ್ಲಿ ಇನ್ನೊಂದು ಅಂಗಿ ಮಡಚಿಡುತ್ತಿದ್ದದ್ದು. "ನನಗೆ ತಾಯಿ ನೆನಪಿಲ್ಲ. ಆ ಕೊರತೆಯೂ ನೆನಪಿಲ್ಲ. ಅದಕ್ಕೆ ಅತ್ತೆಯೇ ಕಾರಣ," ಎಂದು ಮುಗಿಸಿದ. ಕಣ್ಣು ಒಣಗಿತ್ತು. ದನಿ ಕಡೆಯ ಸಾಲಿನವರೆಗೂ ಸ್ಪಷ್ಟವಾಗಿ ಹೋಗಿತ್ತು.

ಚಪ್ಪಾಳೆ ಬಿತ್ತು, ಶಾಲೆಯ ವಾರ್ಷಿಕ ವರದಿಗೆ ಬೀಳುವಷ್ಟು. ಗುರುಬಸವರಾಜ್ ಗುಂಡಿಯಿಂದ ಬೆರಳು ತೆಗೆದ. ಮುಂದಿನ ಸಾಲಿನಲ್ಲೇ ಹನುಮಂತಮ್ಮನ ದನಿ ಕೇಳಿತು. "ಊರೋರ ಅವ್ವಂದಿರಿಗೆ ಕೊಡಗಟ್ಲೆ ಸುರಿಸಿದ. ಸಾಕಿದೋಳಿಗೆ ಒಂದು ಹನಿ ಇಲ್ಲ ನೋಡ್ರಿ."

ಈಗ ಕಸ್ತೂರಮ್ಮನ ಸರದಿ. ಮೇಲಧಿಕಾರಿಗಳ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವಳು, ಮೊಟ್ಟೆ ಬಂದಿಲ್ಲವೆಂದು ಪಂಚಾಯ್ತಿಯ ಬಾಗಿಲಲ್ಲಿ ಕೂತು ಕೂಗಿದವಳು, ಮೈಕಿನ ಮುಂದೆ ಬಂದು ನಿಂತಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಕೈಯಲ್ಲಿದ್ದ ಹಾರ ನಡುಗತೊಡಗಿತು. ತುಟಿ ಸವರಿಕೊಂಡಳು. "ಮಕ್ಕಳು..." ಎಂದಳು, ನಿಂತಳು. ಏದುಸಿರು ಮೈಕಿಗೆ ಬಿತ್ತು. ಗುರುಬಸವರಾಜ್ ಚುರುಕಾಗಿ ಗುಂಡಿ ತಿರುವಿದ. ಅವಳ ಉಸಿರು ಸಂತೇಬೆನ್ನೂರಿನ ಮಾಳಿಗೆಗಳ ಮೇಲೆಲ್ಲ ಹರಡಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕೈ ಮುಗಿದು, ಕುರ್ಚಿ ಹುಡುಕುತ್ತ ಹಿಂದೆ ಸರಿದಳು.

ಜನ ಗೊಳೋ ಎಂದು ಅತ್ತರು. ಹನುಮಂತಮ್ಮ ಎಲ್ಲರಿಗಿಂತ ಜೋರು.

ಊಟ ಮುಗಿದು ಶಾಮಿಯಾನ ಬಿಚ್ಚುವಾಗ ಓಂಕಾರ್ ಅತ್ತೆಯನ್ನು ಹುಡುಕಿದ. ಅವಳು ಅಂಗನವಾಡಿಯ ಒಳಗೆ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ, ಮಡಿಲಲ್ಲಿ ಸನ್ಮಾನದ ಶಾಲು ಇಟ್ಟುಕೊಂಡು ಕೂತಿದ್ದಳು. ಅಂಗೈಯನ್ನು ಶಾಲಿಗೆ ಒರೆಸುತ್ತಿದ್ದಳು.

"ಕಾಲಾಗೆ ಬಲ ಇಲ್ದಂಗಾತೋ ಓಂಕಾರ. ನಾಲಿಗೆ ಕಟ್ಟಿಗೆ ಆಗಿಬಿಡ್ತು. ಎದೆ ಒಡದೇ ಹೋಗ್ತೈತೆ ಅನ್ಕಂಡೆ." ಅವನ ಮುಖ ನೋಡಿದಳು. "ಇದೇನಾ?"

"ಇದೇ."

"ದುಃಖ ಅಲ್ಲ?"

"ಅಲ್ಲ."

"ಎಲ್ಲ ದುಃಖ ಅನ್ಕಂಡು ಅತ್ರಲ್ಲೋ." ಅವಳಿಗೆ ನಗು ಬಂತು, ಅರ್ಧಕ್ಕೆ ನಿಂತಿತು. "ಇದ್ನ ಇಟ್ಕಂಡು ಊರೂರು ತಿರುಗಿದ್ಯಾ? ನಾನು ನೋಡಿದ್ರೆ ಹಂಗೆಲ್ಲ ಅಂದೆ."

ಅವನು ಇನ್ನೊಂದು ಪುಟ್ಟ ಕುರ್ಚಿ ಎಳೆದುಕೊಂಡು ಕೂತ. ಮೊಣಕಾಲು ಎದೆಯವರೆಗೆ ಬಂದವು. ಗುರುಬಸವರಾಜ್ ಬಾಗಿಲಲ್ಲಿ ತಲೆ ಹಾಕಿ, ಕಸ್ತೂರಮ್ಮನಿಗೆ ಕೈ ಮುಗಿದು, "ಅಮ್ಮಾರೆ, ಸೋಮವಾರ ನ್ಯಾಮತಿಯಾಗೆ ಒಂದು..." ಎಂದ. ಅವಳು ಅವನನ್ನು ನೋಡಿದ ನೋಟಕ್ಕೆ ಉಳಿದದ್ದನ್ನು ನುಂಗಿಕೊಂಡು ಹೋದ.

"ನಾನು ಹೇಳಿದ್ದು ಸರಿ ಇತ್ತಾ ಅತ್ತೆ?" ಎಂದು ಓಂಕಾರ್ ಕೇಳಿದ.

ಅವಳು ಶಾಲಿನ ಅಂಚು ಮಡಚಿದಳು, ಬಿಡಿಸಿದಳು.

"ಏನು ಹೇಳಿದೆ?"

"ಕೇಳ್ಲಿಲ್ವಾ?"

"ಎಲ್ಲಿ ಕೇಳೋದು? ನಿನ್ನಾದ ಮೇಲೆ ನಾನು ಅಂದಿದ್ರಲ್ಲ. ನೀನು ಎದ್ದು ನಿಂತಾಗ್ಲೇ ಕಿವಿಯಾಗೆ ಗುಂಯ್ ಅನ್ನಾಕೆ ಹತ್ತಿತ್ತು. ನಿನ್ನ ಬಾಯಿ ಆಡೋದು ಕಾಣ್ತಿತ್ತು, ಅಷ್ಟೇ." ತಪ್ಪು ಮಾಡಿದವಳ ಹಾಗೆ ಅವಳು ದನಿ ತಗ್ಗಿಸಿದಳು. "ಈಗ ಹೇಳು. ಇಲ್ಲಿ ಯಾರೂ ಇಲ್ಲ."

ಯಾರೂ ಇರಲಿಲ್ಲ. ಹೊರಗೆ ಕಂಬ ಕೀಳುವ ಸದ್ದು ಮಾತ್ರ ಇತ್ತು. ಇಡೀ ಊರಿನ ಮುಂದೆ ಹೇಳಿದ ಮಾತನ್ನು ಒಬ್ಬಳ ಮುಂದೆ, ಅವಳ ಕಣ್ಣಿನ ಎದುರಿಗೆ ಹೇಳಬೇಕಿತ್ತು. ಓಂಕಾರನ ಅಂಗೈ ಒದ್ದೆಯಾಯಿತು. ಕಪಾಟುಗಳ ಮುಂದೆ ಇದನ್ನು ಅಭ್ಯಾಸ ಮಾಡಿರಲಿಲ್ಲ. ಡಾಕ್ಟರೂ ಇದರ ಬಗ್ಗೆ ಏನೂ ಹೇಳಿರಲಿಲ್ಲ.

"ಮೊದಲನೇ ದಿನ..." ಎಂದ. ಹಿಮ್ಮಡಿಯನ್ನು ನೆಲಕ್ಕೆ ಒತ್ತಿದ, ಮುಂದಿನದು ಬರಲಿಲ್ಲ.

ಕಸ್ತೂರಮ್ಮ ಕಾದಳು. ನೀರು ಬೇಕಾ ಎನ್ನಲಿಲ್ಲ, ಯಾಕೆ ನಿಂತೆ ಎಂದು ಕೇಳಲಿಲ್ಲ. ಚನ್ನಗಿರಿಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿ, ನಿಂತು, ಹೋಯಿತು.

"ಹೋತಲ್ಲ," ಎಂದ ಅವನು.

"ಇನ್ನೊಂದು ಐತೆ. ಮೊದಲನೇ ದಿನ ಏನಾತು?"